ಸಕ್ಕರೆ, ಕೊಲೆಸ್ಟ್ರಾಲ್ ಮಾತ್ರೆ ಮತ್ತು ಮೂಳೆ

ವೈದ್ಯಕೀಯ ನೆರವು ಕೋರಿ ನಮಗೆ ಬರುವ ಅರ್ಜಿಗಳಲ್ಲಿ ಸೊಂಟದ ಮೂಳೆ ಮುರಿದ ಹಿರಿಯರದ್ದೂ ಇರುತ್ತವೆ. ಅಜ್ಜಿ ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹೆಚ್ಚಾಗಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯೇ. ಸಕ್ಕರೆ ಕಾಯಿಲೆಯ ಮಾತ್ರೆಯಿಂದಲೇ ಹೀಗಾಯಿತೇ ಎಂದು ಕೆಲವರು ಕೇಳುತ್ತಾರೆ.

ಎಲ್ಲ ಮಾತ್ರೆಗಳನ್ನೂ ದೂರುವಂತಿಲ್ಲ. ಸಕ್ಕರೆ ಕಾಯಿಲೆಯೇ ಮೂಳೆಯ ಕಸುವು ಕಡಿಮೆ ಮಾಡುತ್ತದೆ; ಸ್ಕ್ಯಾನ್‌ನಲ್ಲಿ ಸಾಂದ್ರತೆ ಸರಿಯಾಗಿ ಕಂಡರೂ ಮುರಿಯುವುದುಂಟು. ಮೆಟ್‌ಫಾರ್ಮಿನ್‌ನಿಂದ ಮೂಳೆಗೆ ಕೇಡು ಕಂಡುಬಂದಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳು ಮೂಳೆಯನ್ನು ಕಾಪಾಡಬಹುದೆಂಬ ಆಸೆಯಿತ್ತು. ರೋಸುವಾಸ್ಟಾಟಿನ್‌ನ ದೊಡ್ಡ ಪ್ರಯೋಗದಲ್ಲಿ ಮುರಿತಗಳೇನೂ ಕಡಿಮೆಯಾಗಲಿಲ್ಲ. ಹೃದಯಕ್ಕಾಗಿ ಕೊಟ್ಟದ್ದನ್ನು ಹೃದಯಕ್ಕಾಗಿಯೇ ತೆಗೆದುಕೊಳ್ಳಿ.

ಎಚ್ಚರ ಬೇಕಿರುವುದು ಪಯೋಗ್ಲಿಟಜೋನ್ ಬಗ್ಗೆ. ಮಜ್ಜೆಯಲ್ಲಿ ಮೂಳೆ ಕಟ್ಟಬೇಕಾದ ಜೀವಕೋಶಗಳನ್ನು ಅದು ಕೊಬ್ಬಿನ ಕೋಶಗಳಾಗುವತ್ತ ತಿರುಗಿಸುತ್ತದೆ. ಮುರಿತದ ಅಪಾಯ ಹೆಚ್ಚಿದ್ದು ಮುಖ್ಯವಾಗಿ ಮಹಿಳೆಯರಲ್ಲಿ. 2013ರಲ್ಲಿ ಮೂತ್ರಕೋಶದ ಕ್ಯಾನ್ಸರ್‌ನ ಆತಂಕದಿಂದ ಕೇಂದ್ರ ಸರ್ಕಾರ ಈ ಔಷಧಿಯನ್ನು ತಡೆಹಿಡಿದು, ಕೆಲವೇ ವಾರಗಳಲ್ಲಿ ಎಚ್ಚರಿಕೆಯ ಮಾತು ಸೇರಿಸಿ ಮತ್ತೆ ಬಿಟ್ಟಿತು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತು ಬರುವುದರಿಂದ ನುಂಗುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ನಮ್ಮ ವಿದ್ಯಾರ್ಥಿವೇತನ ಪಡೆಯುವ ಮಕ್ಕಳು ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರಗಳನ್ನು ಅಜ್ಜಿಗೆ ಓದಿ ಹೇಳಲಿ. ಆ ಹೆಸರು ಕಂಡರೆ ನೀವಾಗಿಯೇ ನಿಲ್ಲಿಸಬೇಡಿ, ಸ್ಟ್ರಿಪ್ ಹಿಡಿದು ವೈದ್ಯರ ಬಳಿ ಹೋಗಿ.

ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನ ತೊಂದರೆ ಬೇರೆ: ಸಕ್ಕರೆ ತೀರಾ ಇಳಿದು, ತಲೆ ಸುತ್ತಿ ಬೀಳುವುದು. ರಂಜಾನ್ ಉಪವಾಸ ಹಿಡಿಯುವವರು ತಿಂಗಳು ಮೊದಲೇ ಔಷಧಿಯ ಪ್ರಮಾಣ, ಹೊತ್ತು ಎರಡನ್ನೂ ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕು. ಸಹರಿಗೆ ಏಳುವ ಹಿರಿಯರಿಗೆ ಬಚ್ಚಲಿನ ದಾರಿಯಲ್ಲೊಂದು ದೀಪ ಉರಿಯುತ್ತಿರಲಿ.