ರೋಗದ ಪರೀಕ್ಷೆ: ಕಾನೂನೂ ಬೇಕು, ಮಾನವೂ ಬೇಕು

2020ರಲ್ಲಿ ಕೊರೋನಾ ಬಂತು. ಬೇರೆ ಊರಿಂದ ಬಂದವರನ್ನು ತಡೆದರು. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಕೆಲವರನ್ನು ಹಾಸ್ಟೆಲಿನಲ್ಲಿ ಬೇರೆ ಇಟ್ಟರು. "ನಮ್ಮ ಮೈ ನಮ್ಮದು. ಬೇಡ ಅಂದರೂ ಪರೀಕ್ಷೆ ಮಾಡೋಕೆ ಇವರು ಯಾರು?" ಈ ಪ್ರಶ್ನೆ ನಮ್ಮಲ್ಲಿ ಹಲವರಿಗೆ ಬಂದಿರಬಹುದು. ಉತ್ತರ ತಿಳಿಯೋಣ.

ಕಾನೂನು ಬಂದದ್ದು ಹೇಗೆ?

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಏಳುತ್ತಿತ್ತು. ಜನ ಸಾಯುತ್ತಿದ್ದರು. ಆಗ ಬ್ರಿಟಿಷರ ಆಳ್ವಿಕೆ. 1897ರಲ್ಲಿ ಅವರು ಒಂದು ಕಾನೂನು ಮಾಡಿದರು. ರೈಲಿನಲ್ಲಿ ಬರುವವರನ್ನು ಪರೀಕ್ಷಿಸಬಹುದು. ಅನುಮಾನ ಇದ್ದವರನ್ನು ಬೇರೆ ಇಡಬಹುದು. ಮೀರಿದರೆ ಶಿಕ್ಷೆ.

ಪುಣೆಯಲ್ಲಿ ಏನಾಯಿತು?

ಅದೇ ವರ್ಷ ಪುಣೆಯಲ್ಲಿ ಬಿಳಿ ಸಿಪಾಯಿಗಳು ಮನೆ ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಅಡುಗೆಮನೆ, ದೇವರಮನೆ ಒಂದನ್ನೂ ಬಿಡಲಿಲ್ಲ. ಹೆಂಗಸರ ಮಾನಕ್ಕೆ ಬೆಲೆ ಇಲ್ಲ ಎಂದು ಜನ ಕುದಿದರು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಅವನು ಸತ್ತ. ಸೋದರರಿಗೆ ಗಲ್ಲು ಆಯಿತು.

ಇನ್ನೊಂದು ನಷ್ಟವೂ ಆಯಿತು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಹೆಣವನ್ನೂ ಬಚ್ಚಿಟ್ಟರು. ರೋಗ ಎಲ್ಲಿದೆ ಎಂದು ಗೊತ್ತಾಗದೇ ಹೋಯಿತು. ಮುಂದೆ ಸರ್ಕಾರವೇ ಬಲವಂತ ಕಡಿಮೆ ಮಾಡಬೇಕಾಯಿತು.

ಈಗ ಹೇಗೆ?

2020ರಲ್ಲಿ ಕರ್ನಾಟಕ ತನ್ನದೇ ಕಾನೂನು ಮಾಡಿತು. ಅಂಟುರೋಗ ಹರಡಿದಾಗ ಹೊರಗಿಂದ ಬಂದವರನ್ನು ಪರೀಕ್ಷಿಸುವ ಅಧಿಕಾರ ಇದರಲ್ಲೂ ಇದೆ. ಯಾಕೆ? ಒಬ್ಬರ ರೋಗ ಊರಿಗೆಲ್ಲ ಬರಬಾರದು. ಎಳೆ ಮಗುವಿಗೆ, ಬಸುರಿಗೆ, ಮುದುಕರಿಗೆ ಅಂಟಬಾರದು.

ಆದರೆ ಎಲ್ಲ ರೋಗಕ್ಕೂ ಹೀಗಲ್ಲ. ಎಚ್.ಐ.ವಿ. ಪರೀಕ್ಷೆಗೆ ಸಾಮಾನ್ಯವಾಗಿ ನಮ್ಮ ಒಪ್ಪಿಗೆ ಬೇಕೇ ಬೇಕು. 2017ರ ಕಾನೂನು ಹೀಗೆ ಹೇಳುತ್ತದೆ.

ನಾವು ಏನು ಕೇಳಬಹುದು?

ಯಾವ ರೋಗಕ್ಕೆ ಪರೀಕ್ಷೆ? ಹೇಗೆ ಮಾಡುತ್ತೀರಿ?
ಮೈ ನೋಡಬೇಕಾದರೆ ಮರೆ ಇದೆಯೇ?
ಗಂಡು ಡಾಕ್ಟರಾದರೆ ಹತ್ತಿರ ಒಬ್ಬ ಹೆಂಗಸು ಇರುತ್ತಾಳೆಯೇ?
ಫಲಿತಾಂಶ ಯಾವಾಗ ತಿಳಿಸುತ್ತೀರಿ?

ಹೀಗೆ ಕೇಳುವುದು ಜಗಳ ಅಲ್ಲ. ನಾಚಿಕೆ ಪಡಬೇಕಾಗಿಯೂ ಇಲ್ಲ. ಪರೀಕ್ಷೆಗೆ ಹೆದರಿ ರೋಗ ಬಚ್ಚಿಡುವುದು ಬೇಡ. ಬಾಯಿ ಮುಚ್ಚಿಕೊಂಡು ಇರುವುದೂ ಬೇಡ. ಕೇಳಿ ತಿಳಿಯೋಣ. ಊರಿನ ಒಳಿತಿಗೆ ಪರೀಕ್ಷೆ ಮಾಡಿಸಿಕೊಳ್ಳೋಣ.