ಶಾಲೆಗೆ ಅಂಕ ಹಾಕುವುದು ಹೇಗೆ?

ಒಂದು ಊರಿನ ಶಾಲೆಯ ಎಂಟನೆಯ ತರಗತಿಯಲ್ಲಿ ಕಳೆದ ವರ್ಷ ನೂರಕ್ಕೆ 70ರಂತೆ ವಿದ್ಯಾರ್ಥಿಗಳು ತೇರ್ಗಡೆಯಾದರು. ಈ ವರ್ಷ ನೂರಕ್ಕೆ 60ರಂತೆ ಮಾತ್ರ. ಶಾಲೆ ಕೆಟ್ಟಿತೆಂದು ಊರಿನವರು ಆಡಿಕೊಳ್ಳುವುದು ಸಹಜ. ಮುಖ್ಯೋಪಾಧ್ಯಾಯರ ಮೇಲೆ ದೂರು ಹೋಗುವುದೂ ಉಂಟು. ಆದರೆ ಅಂಕಿಗಳನ್ನು ಓದಬಲ್ಲವರು ತೀರ್ಪು ಕೊಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ? ಅವರು ಯಾರು? ಈ ಪ್ರಶ್ನೆಗಳನ್ನು ಮರೆತರೆ ಎಂತಹ ತೊಡಕು ಉಂಟಾಗುವುದೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಣ್ಣ ಊರುಗಳ ಶಾಲೆಗಳು ಒಳ್ಳೆಯ ನಿದರ್ಶನ.

ಆ ದೇಶದಲ್ಲಿ ಸಾರ್ವಜನಿಕ ಶಾಲೆಗಳ ಆಡಳಿತ ಬಹುಮಟ್ಟಿಗೆ ‘ಶಾಲಾ ಜಿಲ್ಲೆ’ಗಳ ಕೈಯಲ್ಲಿದೆ. ಅವು ನಮ್ಮ ಜಿಲ್ಲೆಗಳಷ್ಟು ದೊಡ್ಡವಾಗಿರಬೇಕೆಂದಿಲ್ಲ. ಒಂದು ಪಟ್ಟಣವೇ ಒಂದು ಶಾಲಾ ಜಿಲ್ಲೆಯಾಗಿರಬಹುದು. ಇಂತಹ ಪುಟ್ಟ ಜಿಲ್ಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಮಾಧ್ಯಮಿಕ ಶಾಲೆ ಅನೇಕ ವೇಳೆ ಒಂದೇ ಒಂದು. ‘ಯಾವ ಮಗುವೂ ಹಿಂದುಳಿಯದಿರಲಿ’ ಎಂಬ ಅರ್ಥದ ಹೆಸರಿನ ಕಾನೂನು 2002ರಲ್ಲಿ ಅಲ್ಲಿ ಜಾರಿಗೆ ಬಂದಿತು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷವೂ ಓದು ಮತ್ತು ಗಣಿತಗಳಲ್ಲಿ ಪರೀಕ್ಷೆ ನಡೆಸಬೇಕೆಂದೂ ಶಾಲೆಗಳು ವರ್ಷವರ್ಷವೂ ಗೊತ್ತಾದ ಗುರಿಯನ್ನು ಮುಟ್ಟಬೇಕೆಂದೂ ಅದು ವಿಧಿಸಿತು.

ಎಷ್ಟು ಮಂದಿ?

ನಾಣ್ಯವೊಂದನ್ನು ಹತ್ತು ಸಲ ಚಿಮ್ಮಿ ಏಳು ಸಲ ತಲೆ ಬಿದ್ದರೆ ನಾವು ಆಶ್ಚರ್ಯಪಡುವುದಿಲ್ಲ. ಸಾವಿರ ಸಲ ಚಿಮ್ಮಿ ಏಳುನೂರು ಸಲ ತಲೆ ಬಿದ್ದರೆ ನಾಣ್ಯದಲ್ಲೇ ದೋಷವಿದೆಯೆಂದು ಸಂಶಯಪಡುತ್ತೇವೆ. ಆಕಸ್ಮಿಕದ ಆಟ ಸಣ್ಣ ಗುಂಪಿನಲ್ಲಿ ಹೆಚ್ಚು, ದೊಡ್ಡ ಗುಂಪಿನಲ್ಲಿ ಕಡಮೆ. ಗುಂಪು ನಾಲ್ಕು ಪಟ್ಟಾದರೆ ಸರಾಸರಿಯ ತೂಗಾಟ ಅರ್ಧಕ್ಕಿಳಿಯುತ್ತದೆ. ಈ ವರ್ಗಮೂಲದ ನಿಯಮವನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಡಿ ಮುವಾವ್ರ್ ತೋರಿಸಿಕೊಟ್ಟನು. ಇದರ ಪ್ರಕಾರ, 40 ಮಕ್ಕಳ ತರಗತಿಯಲ್ಲಿ ಬೋಧನೆ ಸ್ವಲ್ಪವೂ ಬದಲಾಗದಿದ್ದರೂ ತೇರ್ಗಡೆಯ ಪ್ರಮಾಣ ನೂರಕ್ಕೆ ಏಳೆಂಟರಷ್ಟು ಮೇಲೆ ಕೆಳಗೆ ಆಗುವುದು ಸಾಮಾನ್ಯ. 400 ಮಕ್ಕಳಿದ್ದರೆ ಅದು ಎರಡು ಮೂರಕ್ಕೆ ಮೀರದು.

ಪೆನ್ಸಿಲ್ವೇನಿಯ ಸಂಸ್ಥಾನದ 1,662 ಶಾಲೆಗಳ ಐದನೆಯ ತರಗತಿಯ ಅಂಕಗಳನ್ನು ಸಂಖ್ಯಾಶಾಸ್ತ್ರಜ್ಞ ಹವರ್ಡ್ ವೇನರ್ ಮತ್ತು ಅವರ ಸಹೋದ್ಯೋಗಿ ಪರಿಶೀಲಿಸಿದರು. ಅತ್ಯುತ್ತಮವಾದ 50 ಶಾಲೆಗಳಲ್ಲಿ ಆರು, ಇಡೀ ಸಂಸ್ಥಾನದ ಅತಿ ಚಿಕ್ಕ 50 ಶಾಲೆಗಳ ಸಾಲಿಗೆ ಸೇರಿದ್ದವು. ಶಾಲೆಯ ಗಾತ್ರಕ್ಕೂ ಅಂಕಕ್ಕೂ ಸಂಬಂಧವಿಲ್ಲದಿದ್ದರೆ ಅಲ್ಲಿ ಒಂದೋ ಎರಡೋ ಇರಬೇಕಾಗಿತ್ತು. ಹಾಗಾದರೆ ಚಿಕ್ಕ ಶಾಲೆಯೇ ಮೇಲೆಂದು ಹೇಳೋಣವೆ? ತಾಳಿ, ಅತಿ ಹಿಂದುಳಿದ 50 ಶಾಲೆಗಳಲ್ಲಿ ಇಂತಹ ಚಿಕ್ಕ ಶಾಲೆಗಳು ಒಂಬತ್ತು! ಪಟ್ಟಿಯ ಎರಡು ತುದಿಗಳಿಗೂ ಅವನ್ನು ತಳ್ಳಿದುದರಲ್ಲಿ ಮಕ್ಕಳ ಅಲ್ಪಸಂಖ್ಯೆಯ ಪಾಲು ದೊಡ್ಡದು.

ಅವರು ಯಾರು?

ನೆಬ್ರಾಸ್ಕ ಸಂಸ್ಥಾನದಲ್ಲಿ ಲೆಕ್ಸಿಂಗ್ಟನ್ ಎಂಬ ಪಟ್ಟಣವಿದೆ. 1990ರಲ್ಲಿ ಅಲ್ಲಿ ಮಾಂಸವನ್ನು ಸಿದ್ಧಪಡಿಸುವ ದೊಡ್ಡ ಕಾರ್ಖಾನೆ ಆರಂಭವಾಯಿತು. ಆ ವರ್ಷದ ಜನಗಣತಿಯಲ್ಲಿ 6,601 ಇದ್ದ ಜನಸಂಖ್ಯೆ 2000ದ ವೇಳೆಗೆ 10,011 ಆಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಲ್ಯಾಟಿನ್ ಅಮೆರಿಕದ ಮೂಲದವರು. ದುಡಿಯಲು ಬಂದವರ ಜೊತೆಗೆ ಅವರ ಮಕ್ಕಳೂ ಶಾಲೆಗೆ ಬಂದರು. ಇಂಗ್ಲಿಷ್ ಅವರಲ್ಲಿ ಅನೇಕರ ಮನೆಮಾತಲ್ಲ.

ಇಂತಹ ಬದಲಾವಣೆ ಸರಾಸರಿಯನ್ನು ಏನು ಮಾಡುವುದೆಂಬುದನ್ನು ಒಂದು ಕಲ್ಪಿತ ಶಾಲೆಯಿಂದ ತಿಳಿಯೋಣ. ಮೊದಲು ಅಲ್ಲಿದ್ದ 100 ಮಕ್ಕಳಲ್ಲಿ 80 ಮಂದಿ ಅನುಕೂಲಸ್ಥರ ಮಕ್ಕಳು. ಅವರ ಸರಾಸರಿ 70 ಅಂಕ. ಉಳಿದ 20 ಮಂದಿ ಬಡವರ ಮಕ್ಕಳು. ಅವರ ಸರಾಸರಿ 50. ಶಾಲೆಯ ಸರಾಸರಿ 66 ಆಯಿತು. ಐದು ವರ್ಷಗಳ ಬಳಿಕ ಎರಡು ಗುಂಪುಗಳಲ್ಲೂ ಐವತ್ತೈವತ್ತು ಮಂದಿ. ಅನುಕೂಲಸ್ಥರ ಮಕ್ಕಳ ಸರಾಸರಿ 72ಕ್ಕೆ ಏರಿದೆ. ಬಡ ಮಕ್ಕಳದು 54ಕ್ಕೆ ಏರಿದೆ. ಆದರೂ ಶಾಲೆಯ ಸರಾಸರಿ 63! ಎರಡು ಗುಂಪುಗಳೂ ಮೇಲೇರಿದವು, ಶಾಲೆ ಮಾತ್ರ ಕೆಳಗಿಳಿಯಿತು. ಹೆಚ್ಚು ದುಡಿದ ಉಪಾಧ್ಯಾಯರಿಗೆ ದೊರೆತುದು ಅಪಕೀರ್ತಿ.

ಸರಾಸರಿಯಲ್ಲಿ ಯಾವ ಗುಂಪೂ ಅಡಗಿಹೋಗಬಾರದೆಂದು 2002ರ ಕಾನೂನು ಮಕ್ಕಳನ್ನು ಜನಾಂಗ, ಬಡತನ, ಇಂಗ್ಲಿಷ್ ಜ್ಞಾನ, ಅಂಗವೈಕಲ್ಯಗಳ ಪ್ರಕಾರ ವಿಂಗಡಿಸಿ ಪ್ರತಿಯೊಂದು ಗುಂಪಿಗೂ ಗುರಿಯಿಟ್ಟಿತು. ಶಾಲೆಯಲ್ಲಿ ಉಚಿತವಾಗಿ ಅಥವಾ ಕಡಮೆ ದರದಲ್ಲಿ ಊಟ ಪಡೆಯುವವರನ್ನು ಸಾಮಾನ್ಯವಾಗಿ ಬಡವರೆಂದು ಎಣಿಸಿದರು. ಉದ್ದೇಶ ಒಳ್ಳೆಯದೇ. ಆದರೆ ವಿಂಗಡಿಸಿದಷ್ಟೂ ಗುಂಪು ಚಿಕ್ಕದಾಗುತ್ತದೆ. ಆಕಸ್ಮಿಕದ ಆಟ ಹೆಚ್ಚುತ್ತದೆ. ಆದ್ದರಿಂದ ಒಂದು ಗೊತ್ತಾದ ಸಂಖ್ಯೆಗಿಂತ, ಅನೇಕ ಸಂಸ್ಥಾನಗಳಲ್ಲಿ 30 ಅಥವಾ 40ಕ್ಕಿಂತ, ಚಿಕ್ಕದಾದ ಗುಂಪನ್ನು ಪ್ರತ್ಯೇಕವಾಗಿ ಎಣಿಸಬೇಕಾಗಿಲ್ಲವೆಂದಾಯಿತು. ಇಂಗ್ಲಿಷ್ ಕಲಿಯುತ್ತಿರುವ 25 ಮಕ್ಕಳು ಒಂದು ಪುಟ್ಟ ಶಾಲೆಯಲ್ಲಿದ್ದರೆ ಅವರ ಗುಂಪಿಗೆ ಆ ಲೆಕ್ಕದಲ್ಲಿ ಎಡೆಯೇ ಇಲ್ಲ. ಲೆಕ್ಕ ಭದ್ರವಾಯಿತು, ಮಕ್ಕಳು ಮರೆಯಾದರು.

ಇನ್ನೊಂದು ವಿಪರ್ಯಾಸವನ್ನೂ ನೋಡಿ. ಕೇಂದ್ರದ ನೆರವು ಪಡೆಯುವ ಶಾಲೆ ಎರಡು ವರ್ಷ ಸತತವಾಗಿ ಗುರಿ ತಪ್ಪಿದರೆ ಅದೇ ಜಿಲ್ಲೆಯ ಬೇರೊಂದು ಶಾಲೆಗೆ ಹೋಗುವ ಅವಕಾಶವನ್ನು ಮಕ್ಕಳಿಗೆ ಕೊಡಬೇಕಾಗಿತ್ತು. ಇರುವುದೇ ಒಂದು ಮಾಧ್ಯಮಿಕ ಶಾಲೆಯಾದರೆ ಅವರು ಹೋಗುವುದೆಲ್ಲಿಗೆ?

2015ರ ಡಿಸೆಂಬರಿನಲ್ಲಿ ಆ ಕಾನೂನಿನ ಸ್ಥಾನಕ್ಕೆ ಬೇರೊಂದು ಕಾನೂನು ಬಂದಿತು. ಪರೀಕ್ಷೆಗಳೂ ಗುಂಪುಗಳೂ ಉಳಿದುಕೊಂಡವು. ಆದರೆ ಶಾಲೆಯನ್ನು ಹೇಗೆ ಅಳೆಯಬೇಕೆಂಬ ವಿಷಯದಲ್ಲಿ ಸಂಸ್ಥಾನಗಳಿಗೆ ಹೆಚ್ಚು ಸ್ವಾತಂತ್ರ್ಯ ದೊರೆಯಿತು. ಪುಟ್ಟ ಶಾಲೆಗೆ ನ್ಯಾಯವಾದ ಅಳತೆ ಯಾವುದು? ಒಂದು ವರ್ಷದ ಅಂಕಿಗೆ ಬದಲಾಗಿ ಎರಡು ಮೂರು ವರ್ಷಗಳದನ್ನು ಕೂಡಿಸಿ ನೋಡುವುದು ಒಂದು ದಾರಿ. ಆರನೆಯ ತರಗತಿಗೆ ಬಂದ ಮಗು ಎಂಟನೆಯದನ್ನು ಮುಗಿಸುವಾಗ ಎಷ್ಟು ಮುಂದೆ ಬಂದಿದೆಯೆಂದು, ಅದೇ ಮಗುವನ್ನು ಹಿಂಬಾಲಿಸಿ ಅಳೆಯುವುದು ಇನ್ನೊಂದು.

ಮೊದಲು ಹೇಳಿದ ಶಾಲೆಗೆ ಹಿಂದಿರುಗೋಣ. ಆ ತರಗತಿಯಲ್ಲಿ 40 ಮಕ್ಕಳಿದ್ದರೆಂದುಕೊಳ್ಳಿ. ನೂರಕ್ಕೆ 70 ಎಂದರೆ 28 ಮಂದಿ. 60 ಎಂದರೆ 24. ಊರನ್ನೆಲ್ಲ ಕಲಕಿದ ವ್ಯತ್ಯಾಸ ನಾಲ್ಕು ಮಕ್ಕಳದು. ಶಾಲೆ ಕೆಟ್ಟಿತೆನ್ನಲು ಅಷ್ಟು ಆಧಾರ ಸಾಲದು. ಹಾಗೆಂದು ಆ ನಾಲ್ವರನ್ನು ಆಕಸ್ಮಿಕದ ಲೆಕ್ಕಕ್ಕೆ ಬರೆದು ಸುಮ್ಮನಾಗುವಂತೆಯೂ ಇಲ್ಲ. ಅವರು ಯಾರು, ಎಲ್ಲಿ ಎಡವಿದರು ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು. ಅವರ ಉಪಾಧ್ಯಾಯರನ್ನೇ ಕೇಳಬೇಕು.