ತಂಬೂರಿಯ ಬಿರಡೆ ಬಿಗಿದಾಗ

ಬೇಸಿಗೆಯುದ್ದಕ್ಕೂ ಜಾರುತ್ತಿದ್ದ ತಂಬೂರಿಯ ಬಿರಡೆ ಸೆಪ್ಟೆಂಬರಿನ ಮಳೆ ಹಿಡಿದ ಕೂಡಲೇ ಕಚ್ಚಿಕೊಳ್ಳುತ್ತದೆ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಭಜನೆಗೆ ಕೂತವರು ಆಗ ಇಕ್ಕಳ ಹುಡುಕುತ್ತಾರೆ. ದಯವಿಟ್ಟು ಬೇಡ, ಬಿರಡೆಯ ಕುತ್ತಿಗೆ ಮುರಿದೀತು.

ಬಿರಡೆಗೆ, ನಮ್ಮ ಕಡೆಯ ಕೆಲವರ ಮಾತಿನಲ್ಲಿ ಖುಂಟಿಗೆ, ಹಲ್ಲುಚಕ್ರವಿಲ್ಲ, ಸ್ಕ್ರೂ ಇಲ್ಲ. ತುದಿಗೆ ಸಣ್ಣದಾಗುವ ಗೂಟ, ಅದಕ್ಕೊಪ್ಪುವ ತೂತು, ಅಷ್ಟೇ. ಎರಡರ ತಿಕ್ಕಾಟವೇ ತಂತಿಯನ್ನು ಹಿಡಿದಿಡುತ್ತದೆ. ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹಿ (ಆಳ್ವಿಕೆ 1580–1627) ಇದೇ ಊರಲ್ಲಿ ಮೋತಿ ಖಾನ್ ಎಂದು ಹೆಸರಿಟ್ಟು ಸಾಕಿದ ತಂಬೂರಿಯನ್ನೂ ಶ್ರುತಿಗೆ ತರಬೇಕಿದ್ದುದು ಇಂಥ ಗೂಟ ತಿರುವಿಯೇ.

ತೇವ ಕುಡಿದ ಮರ ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಡ್ಡಕ್ಕೆ ಉಬ್ಬುತ್ತದೆ. ಅದೂ ಸಮನಾಗಿ ಅಲ್ಲ: ವರ್ಷದ ಉಂಗುರಗಳ ಗುಂಟ ಉಬ್ಬುವುದು ಉಂಗುರಗಳಿಗೆ ಅಡ್ಡವಾಗಿ ಉಬ್ಬುವುದರ ಸುಮಾರು 2 ಪಟ್ಟು. ದುಂಡನೆಯ ಗೂಟ ಕೂದಲೆಳೆಯಷ್ಟು ಅಂಡಾಕಾರವಾಗುತ್ತದೆ, ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಸಡಿಲ. ತಿರುಗಿಸಿದರೆ ತಡೆದು ತಡೆದು ಜಿಗಿಯುವುದು ಇದಕ್ಕೇ.

ಆದರೆ ತಪ್ಪು ಯಾವಾಗಲೂ ಬಿರಡೆಯದಲ್ಲ. ಬಿರಡೆ ಮೆತ್ತಗೆ ತಿರುಗಿ, ಸ್ವರ ಮಾತ್ರ ‘ಟಿಕ್’ ಎಂದು ಒಮ್ಮೆಲೇ ಏರಿದರೆ, ತಂತಿ ಬಿರಡೆಯ ಕೆಳಗಿನ ಪಟ್ಟಿಯ ಗಾಡಿಯಲ್ಲಿ ಸಿಕ್ಕಿದೆ. ತಂತಿ ಸಡಿಲಿಸಿ, ಆ ಗಾಡಿಯಲ್ಲಿ ಮೆತ್ತನೆಯ ಪೆನ್ಸಿಲ್ ಎಳೆಯಿರಿ, ಸಾಕು.

ಬಿರಡೆಯೇ ಕಚ್ಚಿದ್ದರೆ ತಂಬೂರಿಯನ್ನು ಒಂದೆರಡು ದಿನ ಒಣ ಕೋಣೆಯಲ್ಲಿಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಕುಂಬಳದ ಬುರುಡೆ ಸೀಳುತ್ತದೆ. ಆಮೇಲೆ ಬಿರಡೆಯ ತಲೆಗೆ ಬಟ್ಟೆ ಸುತ್ತಿ, ತಂತಿ ಸಡಿಲಾಗುವ ದಿಕ್ಕಿಗೇ ಸ್ವಲ್ಪ ಸ್ವಲ್ಪ ಹೊರಳಿಸುತ್ತ ಹೊರಗೆಳೆಯಿರಿ. ಹೊರಬಂದ ಗೂಟದ ಮೇಲೆ ಹೊಳೆಯುವ ಪಟ್ಟೆ ಕಾಣುತ್ತದಲ್ಲ, ತಿಕ್ಕಾಡುವ ಜಾಗ ಅದು. ಒಣ ಬಟ್ಟೆಯಿಂದ ಒರೆಸಿ, ಅಲ್ಲಿಗೆ ಒಣ ಸೋಪಿನ ತುಂಡನ್ನು ತೆಳ್ಳಗೆ ಉಜ್ಜಿ, ಮೇಲೆ ಸೀಮೆಸುಣ್ಣ ಎಳೆಯಿರಿ. ಸೋಪು ಜಾರಿಸುತ್ತದೆ, ಸುಣ್ಣ ಹಿಡಿಯುತ್ತದೆ. ಎರಡರ ಹದ ಕೈಗೇ ತಿಳಿಯಬೇಕು. ಎಣ್ಣೆಯನ್ನು ಮುಟ್ಟಲೇಬೇಡಿ, ಮರ ಹೀರಿಕೊಂಡ ಎಣ್ಣೆ ಮತ್ತೆ ಹೊರಬರುವುದಿಲ್ಲ.

ಮರಳಿ ಕೂರಿಸುವಾಗ ಒಳಕ್ಕೆ ಒತ್ತುತ್ತಲೇ ತಿರುಗಿಸಿ. ಸಣ್ಣ ವ್ಯತ್ಯಾಸಕ್ಕೆ ಬಿರಡೆ ಬೇಡ, ತಂತಿಗಳನ್ನು ಹೊತ್ತ ಕುದುರೆಯ ಕೆಳಗಿನ ಮಣಿ ಇದೆ: ಬುಡದ ಕಡೆ ಸರಿಸಿದರೆ ಸ್ವರ ಏರುತ್ತದೆ.

ಹೊಳೆಯುವ ಪಟ್ಟೆ ಒಂದೇ ಮಗ್ಗುಲಿಗೆ ಕಂಡರೆ ಗೂಟವೋ ತೂತೋ ದುಂಡಗೆ ಉಳಿದಿಲ್ಲ ಎಂದರ್ಥ. ಅದು ಮನೆಯ ಕೆಲಸವಲ್ಲ. 2024ರಲ್ಲಿ ತನ್ನ ತಂಬೂರಿಗೆ ಭೌಗೋಳಿಕ ಗುರುತು ಪಡೆದ ಮಿರಜ್ ನಮಗೆ ದೂರವೇನಲ್ಲ. ಬಿರಡೆಯೊಂದನ್ನೇ ಒಯ್ಯಬೇಡಿ, ತೂತನ್ನು ನೋಡದೆ ಯಾವ ಕಸಬುದಾರನೂ ಗೂಟ ಕೆತ್ತಲಾರ.